ಸಮುದ್ರದೇವನ ನೆಂಟರು, ಮಲಪ್ರಭೆಯ ದಂಡೆಯಲ್ಲಿ

ಗೇಣುದ್ದವೂ ಇಲ್ಲ, ಹೆಚ್ಚೆಂದರೆ 13 ಸೆಂಟಿಮೀಟರ್. ಕಂಚಿನ ಗಂಡಾಳು. ಗಡ್ಡ, ಗುಂಗುರು ಕೂದಲು, ಬಟ್ಟೆಯಿಲ್ಲದ ಹುರಿಮೈ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತ ಠೀವಿ. ಎತ್ತಿದ ಕೈ ಏನನ್ನೋ ಹಿಡಿದಿತ್ತು. ಆ ತ್ರಿಶೂಲ ಎಂದೋ ಕಳೆದುಹೋಗಿದೆ. ಈತ ಪೊಸೈಡನ್, ಗ್ರೀಕರ ಸಮುದ್ರದೇವ. ಇವನಿರುವುದು ಅಥೆನ್ಸಿನಲ್ಲಲ್ಲ, ರೋಮಿನಲ್ಲಲ್ಲ, ಪ್ಯಾರಿಸ್ಸಿನಲ್ಲೂ ಅಲ್ಲ. ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಂನಲ್ಲಿ! ಕಿತ್ತೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ಊರಿನಲ್ಲಿ!

ಯುರೋಪಿನ ಪ್ರಾಚೀನ ಕಲೆ ನೋಡಬೇಕಾದರೆ ಪಾಸ್‌ಪೋರ್ಟು ಬೇಕು, ವಿಮಾನ ಬೇಕು, ಲಕ್ಷಗಟ್ಟಲೆ ದುಡ್ಡು ಬೇಕು ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಇಲ್ಲಿ ನೋಡಿದರೆ ಬೈಲಹೊಂಗಲ, ಸವದತ್ತಿಯ ಮಂದಿ ಮದುವೆ ಸೀರೆ ತರಲು, ಮಹಾಲಕ್ಷ್ಮಿಗೆ ಕೈಮುಗಿಯಲು ಹೋಗಿಬರುವ ಊರಿನಲ್ಲಿ ಸಮುದ್ರದೇವ ನಿಂತಿದ್ದಾನೆ. ಎಲ್ಲಮ್ಮನ ಗುಡ್ಡಕ್ಕೆ ಪ್ರತಿ ವರ್ಷ ಕೊಲ್ಹಾಪುರದ ಕಡೆಯಿಂದ ಸಾವಿರಾರು ಜನ ಉಧೋ ಉಧೋ ಎನ್ನುತ್ತ ಬರುತ್ತಾರಲ್ಲ, ಅದೇ ದಾರಿಯ ಆ ತುದಿಯಲ್ಲಿ!

ಅದಕ್ಕಿಂತ ಬೆರಗಿನ ಮಾತು ಇನ್ನೊಂದಿದೆ. ಈ ಕಂಚನ್ನು ಮಣ್ಣಿನಿಂದ ಎತ್ತಿದವರು ಒಬ್ಬ ಕನ್ನಡದ ಮೇಷ್ಟ್ರು! ಗೋಕಾಕ ಸೀಮೆಯ ಕೌಜಲಗಿಯಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ.ಜಿ. ಕುಂದಣಗಾರರು. ಹಳಗನ್ನಡ ಓದಿದವರು, ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಊರೂರು ತಿರುಗಿ ಓದಿ 1939ರಲ್ಲಿ ದೊಡ್ಡ ಸಂಪುಟವಾಗಿ ಪ್ರಕಟಿಸಿದವರು, 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಪಂಚಗಂಗಾ ನದಿಯ ದಂಡೆಯ ಮೇಲೆ ಬ್ರಹ್ಮಪುರಿ ಎಂಬ ದಿಬ್ಬ. 1944ರಲ್ಲಿ ಅಲ್ಲಿ ಅವರ ಅಗೆತಕ್ಕೆ ಸಿಕ್ಕಿದ್ದು ಕಂಚಿನ ಸಾಮಾನುಗಳ ಒಂದು ನಿಧಿ: ಪೊಸೈಡನ್, ಹಿಡಿಯುಳ್ಳ ಹೂಜಿಗಳು, ಕನ್ನಡಿ, ಮೇಲೆ ಸವಾರರನ್ನು ಹೊತ್ತ ಒಂದು ಪುಟ್ಟ ಆನೆ. ಆನೆ ನಮ್ಮ ನಾಡಿನ ಎರಕ. ಹೂಜಿಗಳಲ್ಲಿ ಇಟಲಿಯ ಕುಲುಮೆಯಿಂದ ಬಂದವಿವೆ. ಎರಡು ಖಂಡಗಳ ಕಂಚು ಒಂದೇ ಮನೆಯವರ ಆಸ್ತಿಯಾಗಿ ಒಟ್ಟಿಗೇ ಮಣ್ಣುಪಾಲಾಗಿತ್ತು! ಮರುವರ್ಷವೇ, 1945–46ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಲಿಯಾ ಮತ್ತು ಎಂ.ಜಿ. ದೀಕ್ಷಿತರು ಬಂದು ಆ ದಿಬ್ಬವನ್ನು ಕ್ರಮವಾಗಿ ಅಗೆದರು. ಶಾತವಾಹನರ ಕಾಲದ ಇಟ್ಟಿಗೆ ಮನೆಗಳು ಹೊರಬಿದ್ದವು. ಜಗತ್ತಿನ ವಿದ್ವಾಂಸರು ಆ ನಿಧಿಯ ಬಗ್ಗೆ ಬರೆಯುವಾಗ ಇವತ್ತಿಗೂ ನಮ್ಮ ಮೇಷ್ಟ್ರ ಹೆಸರು ಬರುತ್ತದೆ. ರೋಮನ್ ಕಲೆಯ ಚರ್ಚೆಯ ನಡುವೆ ಕೌಜಲಗಿಯ ಕುಂದಣಗಾರರ ಹೆಸರು! ಮೊದಲ ಸಲ ಅದನ್ನು ಓದಿದಾಗ ನನಗೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಯಿತು.

ಅಂದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಮೆಡಿಟರೇನಿಯನ್ ಕಡಲ ಬದಿಯ ಯಾವುದೋ ಕುಲುಮೆಯಲ್ಲಿ ಎರಕವಾದ ದೇವರು ಹಡಗು ಹತ್ತಿ, ಕೊಂಕಣದ ಬಂದರಿನಲ್ಲಿಳಿದು, ಘಟ್ಟ ಹತ್ತಿ ಬಂದಿದ್ದಾನೆ. ಎತ್ತಿನ ಹೇರಿನಲ್ಲೋ ವರ್ತಕನ ಗಂಟಿನಲ್ಲೋ! ಒಬ್ಬನೇ ಬಂದವನೂ ಅಲ್ಲ. ಬೆಳಗಾವಿ ಊರಿಗೆ ಹತ್ತಿದಂತೇ ಇರುವ ವಡಗಾವಿ–ಮಾಧವಪುರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದವರು ಅಗೆದಾಗ ಶಾತವಾಹನರ ಕಾಲದ ಒಂದು ಪಟ್ಟಣವೇ ಎದ್ದುಬಂತು, ರೋಮಿನ ವ್ಯಾಪಾರದ ಗುರುತುಗಳ ಸಮೇತ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು. ಹಾನಗಲ್ಲಿನ ಹತ್ತಿರದ ಅಕ್ಕಿಆಲೂರಿನಲ್ಲಂತೂ ಬೈಜಾಂಟೈನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ಒಂದು ಗಂಟೇ ಸಿಕ್ಕಿತು, ಎರಡನೆಯ ಥಿಯೋಡೋಸಿಯಸ್‌ನಿಂದ ಮೊದಲನೆಯ ಜಸ್ಟಿನ್‌ವರೆಗೆ. ಕೆಲವು ನಾಣ್ಯಗಳಿಗೆ ಜೋಡಿ ತೂತು ಕೊರೆದಿದ್ದಾರೆ. ಚಕ್ರವರ್ತಿಯ ಮುಖ ಕೆಡದಂತೆ, ತಲೆಯ ಮೇಲ್ಭಾಗಕ್ಕೆ! ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲಿಕ್ಕೆ.

ಕೊರಳು ಎಂದಾಗ ಪುತಳಿ ಸರ ನೆನಪಾಗದೆ ಇರುತ್ತದೆಯೇ? ನಮ್ಮ ಕಡೆ ಯಾವ ಆಯಿಯ ಪೆಟ್ಟಿಗೆಯಲ್ಲಿ ಅದು ಇರಲಿಲ್ಲ! ಈಗ ಪತ್ತಾರರು ಮಾಡಿಕೊಡುವ ಪುತಳಿಯ ಮೇಲೆ ಲಕ್ಷ್ಮಿ ಇರುತ್ತಾಳೆ. ಆದರೆ ಹಳೆಯ ಪುತಳಿ ಇದ್ದರೆ ಒಂದು ಸಲ ಬೆಳಕಿಗೆ ಹಿಡಿದು ನೋಡಿ. ಮೂರೂವರೆ ಗ್ರಾಂ ಚಿನ್ನದ ತೆಳು ಬಿಲ್ಲೆ. ಒಂದು ಬದಿಗೆ ಇಬ್ಬರು ನಿಲುವಂಗಿಯವರು. ಒಬ್ಬ ನಿಂತಿದ್ದಾನೆ, ಇನ್ನೊಬ್ಬ ಅವನ ಮುಂದೆ ಮೊಳಕಾಲೂರಿದ್ದಾನೆ, ನಡುವೆ ನೆಟ್ಟಗೆ ಧ್ವಜದ ಕೋಲು. ಇನ್ನೊಂದು ಬದಿಗೆ ಬಾದಾಮಿಯಾಕಾರದ ಚೌಕಟ್ಟಿನೊಳಗೆ ಚುಕ್ಕೆಗಳ ನಡುವೆ ನಿಂತ ಒಂದು ಆಕೃತಿ. ಅದು ವೆನಿಸ್ ನಗರದ ಡುಕಾಟ್! ನಿಂತವನು ಸಂತ ಮಾರ್ಕ್, ಮೊಳಕಾಲೂರಿದವನು ವೆನಿಸ್ಸಿನ ದೊರೆ, ಹಿಂಬದಿಯವನು ಏಸು. 1284ರಲ್ಲಿ ಟಂಕಿಸಲು ತೊಡಗಿದ ಆ ನಾಣ್ಯ 1797ರಲ್ಲಿ ಗಣರಾಜ್ಯವೇ ಮುಳುಗುವವರೆಗೆ ಬಹುಪಾಲು ಅದೇ ಚಿತ್ರ, ಅದೇ ತೂಕದಲ್ಲಿ ಹೊರಬರುತ್ತಲೇ ಇತ್ತು. ನಂಬಿಕೆಯ ಚಿನ್ನವೆಂದು ನಮ್ಮ ಪಶ್ಚಿಮ ಕರಾವಳಿಯ ವರ್ತಕರು ಅದನ್ನು ಒಪ್ಪಿಕೊಂಡರು, ಇಲ್ಲಿಯ ಅಕ್ಕಸಾಲಿಗರು ಅದರ ನಕಲೂ ಮಾಡಿದರು. ಗುಲಗಂಜಿ ತೂಕದಷ್ಟೂ ಮೋಸವಿಲ್ಲದ ಬಂಗಾರ, ಮೇಲೊಂದು ಚೆಂದದ ಬೊಂಬೆ, ಇನ್ನೇನು ಬೇಕು! ಮಧ್ಯಯುಗದ ಇಟಲಿಯ ಉಬ್ಬುಶಿಲ್ಪ ನಮ್ಮ ಹಿರಿಯರ ಎದೆಯ ಮೇಲೆ ಕುಣಿಯುತ್ತ ಜಾತ್ರೆ ನೋಡಿದೆ, ರೊಟ್ಟಿ ಬಡಿದಿದೆ, ಬೀಗರನ್ನು ಎದುರುಗೊಂಡಿದೆ.

ಅಲ್ಲಿಂದ ಇಲ್ಲಿಗೆ ಬಂದಿದ್ದಾಯಿತು. ಇಲ್ಲಿಂದ ಅಲ್ಲಿಗೆ?

ಅದನ್ನು ಹೇಳಬೇಕಾದರೆ ಸವದತ್ತಿಗೆ ಹೋಗಬೇಕು. ಎಲ್ಲಮ್ಮನ ಊರೆಂದು ಲೋಕವೆಲ್ಲ ಬಲ್ಲ ಸವದತ್ತಿ ಅದಕ್ಕೂ ಮುಂಚೆ ರಟ್ಟ ಅರಸರ ರಾಜಧಾನಿ. ಆಗಿನ ಹೆಸರು ಸುಗಂಧವರ್ತಿ. ಇಲ್ಲಿಯ ಒಂದು ಶಾಸನ ಶಕವರ್ಷ 797ರಷ್ಟು, ಅಂದರೆ 875ರಷ್ಟು ಹಳೆಯ ಕಾಲದ ಮಾತಾಡುತ್ತದೆ: ಪೃಥ್ವೀರಾಮನೆಂಬ ರಟ್ಟರ ಹಿರಿಯ, ಅವನು ಕಟ್ಟಿಸಿದ ಬಸದಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಈ ಸೀಮೆಯ ಕಲ್ಲುಗಳ ಮುಂದೆ ಕುಳಿತು ಹಳಗನ್ನಡವನ್ನು ಅಕ್ಷರಕ್ಕಕ್ಷರ ಓದಿದ; ಜೇಮ್ಸ್ ಬರ್ಜೆಸ್ 1874ರ ಜನವರಿಯಿಂದ ಮೇ ತಿಂಗಳವರೆಗೆ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಸುತ್ತಿ, ನಕ್ಷೆ ಮತ್ತು ಛಾಯಾಚಿತ್ರಗಳೊಡನೆ ಪಶ್ಚಿಮ ಭಾರತದ ಪುರಾತತ್ತ್ವ ಸಮೀಕ್ಷೆಯ ಮೊಟ್ಟಮೊದಲ ವರದಿಯನ್ನೇ ಹೊರತಂದ. ಮೊಟ್ಟಮೊದಲ ವರದಿ! ಅಜಂತಾ ಎಲ್ಲೋರಗಳನ್ನು ಆಮೇಲಕ್ಕೆ ಇಟ್ಟುಕೊಂಡು ಅವರು ಮೊದಲು ಬಂದದ್ದು ನಮ್ಮ ಸೀಮೆಗೆ.

ಈ ರಟ್ಟರು ಮುಂದೆ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ ಒಯ್ದರು. ನಾಲ್ಕನೆಯ ಕಾರ್ತವೀರ್ಯ ದೊರೆ, ತಮ್ಮ ಮಲ್ಲಿಕಾರ್ಜುನ, ಮಂತ್ರಿ ಬೀಚಿರಾಜ. 1204ರಲ್ಲಿ ಬೀಚಿರಾಜ ಕಟ್ಟಿಸಿದ ಬಸದಿಯೇ ಬೆಳಗಾವಿ ಕೋಟೆಯ ಕಮಲ ಬಸದಿ. ಒಳಗೆ ಹೋಗಿ ಕತ್ತೆತ್ತಿದರೆ ಸೂರಿನಿಂದ 72 ಎಸಳಿನ ಕಲ್ಲಿನ ತಾವರೆ ಕೆಳಮುಖವಾಗಿ ಇಳಿಬಿದ್ದಿದೆ. ಬಸದಿಗೆ ಕೊಟ್ಟ ದಾನವನ್ನು ಎರಡು ಕಲ್ಲುಗಳ ಮೇಲೆ ಬರೆಸಿದರು, ಹಳಗನ್ನಡ ಮತ್ತು ಸಂಸ್ಕೃತದಲ್ಲಿ. ಆ ಜೋಡಿ ಕಲ್ಲು ಈಗ ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ!

ಬ್ರಿಟಿಷ್ ಮ್ಯೂಸಿಯಂ ಎಂದರೆ ಯಾವ ಮನೆ? ಅಥೆನ್ಸಿನ ಪಾರ್ಥೆನಾನ್ ಗುಡಿಯಿಂದ ಕಿತ್ತು ತಂದ ಅಮೃತಶಿಲೆಯ ಶಿಲ್ಪಗಳು 1816ರಿಂದ ಇರುವ ಮನೆ. ಆ ಗುಡಿಯ ಪಡುವಣ ಮುಖದ ಮೇಲಿನ ತ್ರಿಕೋನದ ತುಂಬ ಕೆತ್ತಿದ ಕಥೆ ಯಾವುದು ಗೊತ್ತೇ? ಅಥೆನ್ಸ್ ಊರು ಯಾರದು ಎಂದು ಅಥೀನಾ ದೇವಿಗೂ ಪೊಸೈಡನ್‌ಗೂ ನಡೆದ ಪಂದ್ಯ! ಕೊಲ್ಹಾಪುರದಲ್ಲಿ ಗೇಣಿಗಿಂತ ಗಿಡ್ಡನಾಗಿ ನಿಂತಿರುವನಲ್ಲ, ಅವನೇ ಅಲ್ಲಿ ಆಳೆತ್ತರ ಮೀರಿದ ದೇಹದ ಒಡೆದ ತುಂಡುಗಳಾಗಿ ಇದ್ದಾನೆ. ಅದೇ ಮ್ಯೂಸಿಯಂನಲ್ಲಿ ರಟ್ಟರ ದುಂಡು ಕನ್ನಡ ಅಕ್ಷರಗಳೂ ಇವೆ. ಗ್ರೀಕರ ದೇವರು ನಮ್ಮ ಮಣ್ಣಿಗೆ ಬಂದ, ನಮ್ಮ ಅಕ್ಷರ ಆ ದೇವರ ಪಕ್ಕಕ್ಕೆ ಹೋಯಿತು. ಒಬ್ಬ ಬಂದದ್ದು ವ್ಯಾಪಾರದಲ್ಲಿ, ಇನ್ನೊಂದು ಹೋದದ್ದು ಆಳ್ವಿಕೆಯಲ್ಲಿ. ಆ ವ್ಯತ್ಯಾಸ ನನಗೆ ಸಣ್ಣದಲ್ಲ. ಆ ಕಲ್ಲುಗಳು ಬೆಳಗಾವಿಗೆ ಮರಳಿ ಬರಲಿ ಎಂಬುದೇ ನನ್ನ ಆಸೆ.

ಇಷ್ಟು ತಿಳಿದ ಮೇಲೆ ಕಿತ್ತೂರಿನ ಕೋಟೆಗೆ ಹೋಗಿ ನೋಡಿ, ಕಣ್ಣೇ ಬದಲಾಗಿರುತ್ತದೆ! ನಾವು ಕಿತ್ತೂರಿಗೆ ಹೋಗುವುದು ರಾಣಿ ಚೆನ್ನಮ್ಮನಿಗಾಗಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಇದೇ ಕೋಟೆಯ ಮುಂದೆ ಸತ್ತುಬಿದ್ದ. ಡಿಸೆಂಬರಿನಲ್ಲಿ ಇಂಗ್ಲಿಷರ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು, 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಇದು ಎಳೆಯ ಮಕ್ಕಳಿಗೂ ಬಾಯಿಪಾಠ. ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲು ಇಟ್ಟ ಕೊಳವೆಯ ಕಿಂಡಿಯನ್ನೂ ಎಲ್ಲರೂ ಇಣುಕುತ್ತಾರೆ. ಆದರೆ ಕೋಟೆಯೊಳಗೇ ಇರುವ ರಾಣಿ ಚೆನ್ನಮ್ಮ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಖಡ್ಗ, ಗುರಾಣಿ ನೋಡಿದ ಜನ ಕಲ್ಲುಗಳ ಮುಂದೆ ನಿಲ್ಲುವುದೇ ಇಲ್ಲ! ಸುತ್ತಲ ಹಳ್ಳಿಗಳ ಹೊಲ, ಕೆರೆ, ಪಾಳುಗುಡಿಗಳಿಂದ ಎತ್ತಿ ತಂದ ಮೂರ್ತಿಗಳು, ಶಾಸನಗಳು, ವೀರಗಲ್ಲುಗಳು, ಕೆತ್ತನೆಯ ಕಟ್ಟಿಗೆ ಬಾಗಿಲು ಕಿಟಕಿಗಳು ಅಲ್ಲಿವೆ. ದಯವಿಟ್ಟು ನಿಲ್ಲಿ.

ಸೂರ್ಯನ ಮೂರ್ತಿಯ ಮುಂದೆ ಮೊದಲು ನಿಲ್ಲಿ. ಚಾಲುಕ್ಯ, ಕದಂಬರ ಕಾಲದ ಸೂರ್ಯನನ್ನು ಗುರುತಿಸುವುದು ಕಷ್ಟವಲ್ಲ: ಎರಡೇ ಕೈ, ಎರಡರಲ್ಲೂ ಹೆಗಲೆತ್ತರಕ್ಕೆ ಅರಳಿದ ಕಮಲ, ಕಾಲಬದಿಗೆ ಬಿಲ್ಲು ಹೂಡಿ ಕತ್ತಲೆಗೆ ಬಾಣ ಬಿಡುವ ಉಷೆ, ಪ್ರತ್ಯುಷೆ, ಪೀಠದಲ್ಲಿ ಏಳು ಕುದುರೆ. ಈಗ ಅವನ ಪಾದ ನೋಡಿ. ಬರಿಗಾಲು! ಉತ್ತರ ಭಾರತಕ್ಕೆ ಹೋಗಿ, ಅಲ್ಲಿಯ ಸೂರ್ಯ ಮೊಳಕಾಲವರೆಗೆ ಬೂಟು ಹಾಕಿರುತ್ತಾನೆ. ಕುಶಾಣರ ಜೊತೆಗೆ ಮಧ್ಯ ಏಷ್ಯಾದ ಚಳಿನಾಡಿನಿಂದ ಬಂದ ಉಡುಪು ಅದು. ಬೋಧಗಯೆಯ ಹಳೆಯ ಕಟಕಟೆಯ ಮೇಲಿನ ಸೂರ್ಯನಿಗೆ ನಾಲ್ಕು ಕುದುರೆ, ಗ್ರೀಕರ ಹೀಲಿಯೋಸ್‌ನ ರಥದಂತೆ. ಪಾರ್ಥೆನಾನ್‌ನ ಮೂಡಣ ತ್ರಿಕೋನದ ಮೂಲೆಯಲ್ಲಿ ಆ ಹೀಲಿಯೋಸ್ ಕಡಲಿನಿಂದ ಏಳುತ್ತಿದ್ದಾನೆ, ಕುದುರೆಗಳ ಕತ್ತು ಮಾತ್ರ ನೀರಿನ ಮೇಲೆ. ಅದೇ ಬಿಸಿಲದೇವ ದೇಶದಿಂದ ದೇಶಕ್ಕೆ ನಡೆದು, ಬಟ್ಟೆ ಬದಲಿಸಿ, ಕುದುರೆ ಕೂಡಿಸಿಕೊಂಡು, ಮಲಪ್ರಭೆಯ ಹತ್ತಿರ ಬರುವಷ್ಟರಲ್ಲಿ ಪಾದರಕ್ಷೆ ಬಿಟ್ಟು ನಮ್ಮವನಾದಂತೆ ಕಾಣುತ್ತದೆ!

ಆಮೇಲೆ ವೀರಗಲ್ಲು. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ: ಕತ್ತಿ, ಗುರಾಣಿ, ಬಿದ್ದ ಹೆಣ, ಒಮ್ಮೊಮ್ಮೆ ಕಳ್ಳರು ಹೊಡೆದೊಯ್ಯುವ ದನಗಳ ಸಾಲು. ನಡುವಿನಲ್ಲಿ ಸತ್ತ ವೀರ ಅಪ್ಸರೆಯರ ನಡುವೆ ಆಕಾಶಕ್ಕೆ ಏರುತ್ತಿದ್ದಾನೆ. ತುದಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ, ಮೇಲೆ ಸೂರ್ಯ ಚಂದ್ರ. ಮೂರಂಕಣದಲ್ಲಿ ಒಂದು ಪೂರಾ ಜೀವ! ದನ ಬಿಡಿಸಲು ಹೋಗಿ ಸತ್ತ ಹಳ್ಳಿಯ ಹುಡುಗನಿಗೂ ಇದೇ ಗೌರವ, ದಂಡನಾಯಕನಿಗೂ ಇದೇ ಗೌರವ. ರೋಮಿನಲ್ಲಿ ಟ್ರಾಜನ್ ಚಕ್ರವರ್ತಿ ತನ್ನ ಯುದ್ಧವನ್ನು ಸುರುಳಿ ಸುರುಳಿಯಾಗಿ ಕಂಬಕ್ಕೆ ಕೆತ್ತಿಸಿಕೊಂಡ, ನಿಜ, ಅದ್ಭುತವೇ. ಆದರೆ ಅದು ಚಕ್ರವರ್ತಿಯ ಕಥೆ. ನನ್ನ ಮಟ್ಟಿಗೆ ದನ ಕಾಯ್ದವನ ಕಲ್ಲು ದೊಡ್ಡದು. ಪಕ್ಕದಲ್ಲಿ ಬಳೆ ತೊಟ್ಟ ಒಂದು ಕೈ ಮಾತ್ರ ಕಂಬದಿಂದ ಚಾಚಿಕೊಂಡ ಕಲ್ಲು ಕಂಡರೆ ಅದು ಮಾಸ್ತಿಗಲ್ಲು. ಅದರ ಮುಂದೆ ಬೆರಗು ಸಾಲದು. ಅಲ್ಲಿ ಒಬ್ಬ ಹೆಣ್ಣುಮಗಳು ಸುಟ್ಟುಹೋಗಿದ್ದಾಳೆ.

ಕಿತ್ತೂರಿನಿಂದ ಸ್ವಲ್ಪವೇ ದೂರ ದೇಗಾಂವ. ಇಲ್ಲಿಗೆ ಬಂದರೆ ಮಾತೇ ನಿಂತುಹೋಗುತ್ತದೆ. ಉದ್ದಕ್ಕೆ ಮೈಚಾಚಿದ, ಎತ್ತರವಲ್ಲದ ಕಲ್ಲಿನ ಗುಡಿ. ಮೂಡಣಕ್ಕೆ ಮುಖ, ಒಂದೇ ಸಾಲಿಗೆ ಮೂರು ಗರ್ಭಗುಡಿ. ಒಂದರಲ್ಲಿ ನಾರಾಯಣ, ಒಂದರಲ್ಲಿ ತೊಡೆಯ ಮೇಲೆ ಲಕ್ಷ್ಮಿಯನ್ನು ಕೂರಿಸಿಕೊಂಡ ನಾರಾಯಣ, ಇನ್ನೊಂದರಲ್ಲಿ ಕಮಲೆ. ಕಟ್ಟಿಸಿದವಳು ಗೋವೆಯ ಕದಂಬರ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಇಲ್ಲಿಯ ಶಾಸನದ ಕಾಲ 1174. ದೇವರ ಹೆಸರಿನಲ್ಲಿ ಅವಳ ಹೆಸರೂ ಕೂಡಿಕೊಂಡು ಕಮಲನಾರಾಯಣ ಗುಡಿಯಾಯಿತು.

ಕಟ್ಟಿದವನು? ಅವನ ಹೆಸರೂ ಉಳಿದಿದೆ! ತಿಪ್ಪೋಜ.

ಆ ಹೆಸರು ಗೊತ್ತಾದ ಕ್ಷಣವೇ ಗುಡಿ ಬೇರೆಯಾಗಿ ಕಾಣತೊಡಗುತ್ತದೆ. ಮುಖಮಂಟಪದ ಒರಗುಗಲ್ಲಿನ ಹೊರಮೈಯ ಕೆತ್ತನೆ ನೋಡಿ, ತಿಪ್ಪೋಜನ ಉಳಿ ಇಲ್ಲಿ ಎಷ್ಟು ಹಗುರಾಗಿ ಆಡಿದೆ ಎನಿಸುತ್ತದೆ. ಒಳಗಿನ ಕಂಬದ ಮೇಲೆ ಅಂಗೈ ಇಡಿ. ಉಂಗುರ ಉಂಗುರವಾಗಿ ಕಡೆದ ಮೈ, ನುಣುಪು ಎಷ್ಟೆಂದರೆ ಬೆರಳು ಜಾರುತ್ತದೆ. ಬಾದಾಮಿಯ ಚಾಲುಕ್ಯರು ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದರು; ಹನ್ನೊಂದನೆಯ ಶತಮಾನದ ಹೊತ್ತಿಗೆ ನಮ್ಮ ಶಿಲ್ಪಿಗಳು ಹಸಿರುಗಪ್ಪಿನ ಮೆತ್ತನೆಯ ಬಳಪದ ಕಲ್ಲಿಗೆ ಕೈಹಾಕಿದರು. ಆ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿ. ಅದನ್ನು ತಿರುಗಣಿಗೆ ಕೊಟ್ಟು, ಕಂಬದಷ್ಟು ದೊಡ್ಡ ಕಲ್ಲನ್ನು ಗರಗರ ತಿರುಗಿಸಿ, ಬಡಿಗ ಬುಗುರಿ ಕಡೆಯುವ ಹಾಗೆ ಉಳಿ ಹಿಡಿದು ಕಡೆಯುತ್ತಿದ್ದರು. ಕಲ್ಲನ್ನು! ವಿದ್ಯುತ್ತಿಲ್ಲ, ಉಕ್ಕಿನ ಯಂತ್ರವಿಲ್ಲ. ಆಳು, ಹಗ್ಗ ಮತ್ತು ಕೈಯ ಅಂದಾಜು.

ಅಲ್ಲೇ ಸೂರಿನ ಕಮಲವನ್ನು ನೋಡುತ್ತ ಕತ್ತೆತ್ತಿ ನಿಂತ ನನ್ನನ್ನು ಗುಡಿಗೆ ಬಂದ ಮುದುಕಿಯೊಬ್ಬಳು ಕೇಳಿದಳು: “ಅಷ್ಟೊತ್ತಿನಿಂದ ಮ್ಯಾಲೇನು ನೋಡಾಕತ್ತಿಯೋ ನನ್ನಪ್ಪಾ?”

“ಕಮಲ ನೋಡಾಕತ್ತೀನಬೇ ಆಯಿ. ಎಷ್ಟು ಚೆಂದ ಕೆತ್ಯಾರ!”

“ನಾ ಲಗ್ನಾಗಿ ಬಂದಾಗಿಂದ ನೋಡಾಕತ್ತೀನಿ,” ಎಂದಳು ಆಕೆ, “ಇನ್ನೂ ಪೂರಾ ನೋಡಿ ಮುಗದಿಲ್ಲ.”

ತಿಪ್ಪೋಜ ಇಲ್ಲಿ ಕಮಲ ಅರಳಿಸುತ್ತಿದ್ದ ಕಾಲದಲ್ಲಿ ಯುರೋಪಿನಲ್ಲಿ ಏನಾಗುತ್ತಿತ್ತು? ಪ್ಯಾರಿಸ್ಸಿನ ನೋತ್ರ ದಾಮ್ ಕಟ್ಟಲು ತೊಡಗಿದ್ದು 1163ರಲ್ಲಿ. ಪೀಸಾದ ಗೋಪುರಕ್ಕೆ ಅಡಿಪಾಯ 1173ರಲ್ಲಿ, ದೇಗಾಂವದ ಶಾಸನಕ್ಕಿಂತ ಒಂದೇ ವರ್ಷ ಮೊದಲು! ಅದಕ್ಕೂ ಕೆಲವು ದಶಕ ಮುಂಚೆ ಫ್ರಾನ್ಸಿನ ಒತೆಂ ಎಂಬ ಊರಿನ ಇಗರ್ಜಿಯ ಹೆಬ್ಬಾಗಿಲ ಮೇಲೆ ಕೊನೆಯ ತೀರ್ಪಿನ ದಿನದ ಮಹಾಶಿಲ್ಪ ಮೂಡಿತು. ನಡುವೆ ನೀಳ ಕೈ ಚಾಚಿದ ಏಸು, ಆತನ ಪಾದದಡಿ ಒಂದು ಹೆಸರು: ಗಿಸ್ಲೆಬೆರ್ತುಸ್. ಕಲಾವಿದರ ಹೆಸರು ಉಳಿಯದ ಆ ಯುಗದಲ್ಲಿ ಆ ಒಂದು ಹೆಸರಿನ ಮೇಲೆ ಯುರೋಪಿನವರು ಪುಸ್ತಕದ ಮೇಲೆ ಪುಸ್ತಕ ಬರೆದಿದ್ದಾರೆ. ನಮ್ಮಲ್ಲಿಯೂ ಅದೇ ಶತಮಾನದ ತಿಪ್ಪೋಜ ಇದ್ದಾನೆ, ಕಿತ್ತೂರಿನ ಮಗ್ಗುಲಲ್ಲೇ ಇದ್ದಾನೆ. ಅವನ ಮೇಲೆ ನಾವು ಎಷ್ಟು ಬರೆದಿದ್ದೇವೆ? ಒತೆಂ ಶಿಲ್ಪದ ಚಿತ್ರ ಕಲಾಶಾಲೆಯ ಪಠ್ಯದಲ್ಲಿ ನೋಡಿದ ನಮ್ಮ ಹುಡುಗ ಹುಡುಗಿಯರು ದೇಗಾಂವದ ಕಂಬ ಮುಟ್ಟಿ ನೋಡಿಲ್ಲವಲ್ಲ ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನು ಮಲಪ್ರಭೆಯ ಬೆನ್ನು ಹತ್ತಿದರೆ ನಿಲ್ಲುವ ಮಾತೇ ಇಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆ ಹೆಜ್ಜೆಹೆಜ್ಜೆಗೆ ಏನಾದರೊಂದು ತೋರಿಸುತ್ತ ಹೋಗುತ್ತದೆ. ಕಾದರವಳ್ಳಿಯಲ್ಲಿ ಹೊಳೆಯ ನಟ್ಟನಡುವೆ ಶಂಕರಲಿಂಗನ ಗುಡಿ. ಮಳೆಗಾಲದ ನೆರೆ ಅದನ್ನು ಸುತ್ತುವರಿದು ನಿಲ್ಲುತ್ತದೆ, ಆದರೂ ಶತಮಾನಗಳಿಂದ ಅಲುಗಿಲ್ಲ. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಗೆ ಕೈಮುಗಿದವರು ಊರಿನ ರಾಮಲಿಂಗೇಶ್ವರ ಗುಡಿಗೂ ಹೋಗಬೇಕು, ಅದೂ ರಟ್ಟರ ಕಾಲದ ಕಲ್ಲುಕೆಲಸ. ಸೊಗಲದಲ್ಲಿ ಜಲಪಾತದ ಪಕ್ಕಕ್ಕೇ ಸೋಮೇಶ್ವರ; ಅಲ್ಲಿಯ ಶಾಸನ 980ರದು, ಕಲ್ಯಾಣ ಚಾಲುಕ್ಯರ ಮೊದಲ ದೊರೆ ತೈಲಪನ ಆಳ್ವಿಕೆಯದು. ನೀರಿನ ಸಪ್ಪಳದಲ್ಲಿ ಹಳಗನ್ನಡ ಓದುವ ಸುಖ ಬೇರೆ ಕಡೆ ಸಿಗಲಾರದು. ಮುನವಳ್ಳಿಯಲ್ಲಿ ಪಂಚಲಿಂಗೇಶ್ವರ.

ಬೆಳವಡಿಗೆ ಹೋದರೆ ಮಲ್ಲಮ್ಮನ ನೆನಪು. ಹದಿನೇಳನೆಯ ಶತಮಾನದಲ್ಲಿ ಶಿವಾಜಿಯ ಸೈನ್ಯಕ್ಕೆ ಎದುರು ನಿಂತ ದೇಸಗತಿಯ ಒಡತಿ ಅವಳು. ಆ ಕಾಳಗದ ನೆನಪಿನ ಉಬ್ಬುಶಿಲ್ಪ ಆ ಕಡೆ ಧಾರವಾಡ ತಾಲೂಕಿನ ಯಾದವಾಡದ ಹನುಮಪ್ಪನ ಗುಡಿಯಲ್ಲಿದೆ. ಮೇಲೆ ಕುದುರೆಯೇರಿದ ಶಿವಾಜಿ, ಜೊತೆಗೆ ನಾಯಿ. ಕೆಳಗೆ ತೊಡೆಯ ಮೇಲೆ ಮಲ್ಲಮ್ಮನ ಕೂಸನ್ನು ಕೂರಿಸಿಕೊಂಡು ಕುಳಿತ ಶಿವಾಜಿ! ಗೆದ್ದವನ ತೊಡೆಯ ಮೇಲೆ ಎದುರಾಳಿಯ ಮಗು. ಯುದ್ಧದ ಸ್ಮಾರಕವನ್ನು ಹೀಗೆ ಕೆತ್ತಬಹುದು ಎಂದು ಯಾವ ಆಸ್ಥಾನ ಶಿಲ್ಪಿಗೂ ಹೊಳೆದಿರಲಾರದು.

ಹೂಲಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸವದತ್ತಿಯಿಂದ ಹತ್ತಿರವೇ, ಗುಡ್ಡದ ಬುಡದ ಹಳ್ಳಿ. ಶಾಸನಗಳಲ್ಲಿ ಇದು ಪೂಲಿ, ಸಾವಿರ ಮಹಾಜನರ ಅಗ್ರಹಾರ. ಊರಿನ ಅಂಚಿನಲ್ಲಿ ಪಂಚಲಿಂಗೇಶ್ವರ: ಐದು ಲಿಂಗಗಳಿಗೆ ಐದು ಗರ್ಭಗುಡಿ, ಎಲ್ಲಕ್ಕೂ ಸೇರಿ ಕಂಬಗಳ ಒಂದು ವಿಶಾಲ ಮಂಟಪ. ಒಳಗೆ ಹೆಜ್ಜೆಯಿಟ್ಟರೆ ಕಂಬದ ಹಿಂದೆ ಕಂಬ, ನೆರಳಿನ ಹಿಂದೆ ನೆರಳು. ಊರ ತುಂಬ ಇನ್ನೂ ಎಷ್ಟೋ ಗುಡಿಗಳು: ತಾರಕೇಶ್ವರ, ಮದನೇಶ್ವರ, ಕಾಶಿವಿಶ್ವನಾಥ, ಅಂಧಕೇಶ್ವರ. ಕೆಲವು ಪೂಜೆ ಕಾಣುತ್ತಿವೆ, ಕೆಲವು ಜಾಲಿ ಮುಳ್ಳಿನ ನಡುವೆ ಒಂಟಿಯಾಗಿವೆ. ಯುರೋಪಿನ ಯಾವುದಾದರೂ ಊರಿನಲ್ಲಿ ಇಂಥ ಒಂದು ಕಟ್ಟಡವಿದ್ದರೆ ಆ ಊರು ಭೂಪಟದಲ್ಲಿ ದಪ್ಪ ಅಕ್ಷರದಲ್ಲಿರುತ್ತಿತ್ತು, ಶಾಲೆಯ ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು. ಹೂಲಿಗೆ ನಾನು ಹೋದಾಗ ಮಂಟಪದಲ್ಲಿ ಬೇರೆ ಯಾರೂ ಇರಲಿಲ್ಲ.

ರಾಮದುರ್ಗದ ಹಾದಿಯಲ್ಲಿ ತೊರಗಲ್ಲು ಸಿಗುತ್ತದೆ. ಸುತ್ತು ಕೋಟೆ, ಭೂತನಾಥನ ಗುಡಿಗಳು, ಹನ್ನೆರಡನೆಯ ಶತಮಾನದ ಶಾಸನ. ಅಲ್ಲಿಂದ ಹೊಳೆ ನೆಟ್ಟಗೆ ಕರೆದೊಯ್ಯುವುದು ಬಾದಾಮಿ, ಪಟ್ಟದಕಲ್ಲು, ಐಹೊಳೆಗೆ. ಇಷ್ಟು ಹೊತ್ತು ಕಲ್ಲಿನ ಮಾತಾಯಿತು, ಬಣ್ಣದ ಮಾತು ಬರಲೇ ಇಲ್ಲ. ಅದು ಇರುವುದು ಬಾದಾಮಿಯ ಮೂರನೆಯ ಗುಹೆಯಲ್ಲಿ. ಗುಹೆಯ ಶಾಸನ ಶಕವರ್ಷ 500ರದು, ಅಂದರೆ 578. ಕೊರೆಸಿದವನು ಚಾಲುಕ್ಯರ ಮಂಗಲೇಶ. ಸೂರಿನ ಒಳಬಾಗಿದ ಮೈಮೇಲೆ ತೆಳುವಾದ ಗಾರೆ, ಗಾರೆಯ ಮೇಲೆ ಚಿತ್ರ: ಆಸೀನನಾದ ದೊರೆ, ಕುಣಿವ ನರ್ತಕಿ, ವಾದ್ಯದವರು. ಬಹುಪಾಲು ಉದುರಿದೆ. ಸ್ಟೆಲ್ಲಾ ಕ್ರಾಮ್ರಿಶ್ ಎಂಬ ಆಸ್ಟ್ರಿಯಾದಿಂದ ಬಂದ ಕಲಾವಿದುಷಿ 1930ರ ದಶಕದಲ್ಲಿ ಇವುಗಳನ್ನು ದಿಟ್ಟಿಸಿ ನೋಡಿ ಬರೆದ ಮೇಲೆ ಜಗತ್ತಿಗೆ ತಿಳಿಯಿತು.

ಅದೇ ಕಾಲದ ಇಟಲಿ ನೋಡಿ. ರವೆನ್ನಾದ ಸಾನ್ ವಿತಾಲೆ ಇಗರ್ಜಿ ಪವಿತ್ರಗೊಂಡದ್ದು 547ರಲ್ಲಿ. ಅದರ ಗೋಡೆಯ ಮೇಲೆ ಬಣ್ಣದ ಗಾಜಿನ ಚೂರುಗಳಲ್ಲಿ ಚಕ್ರವರ್ತಿ ಜಸ್ಟಿನಿಯನ್ ಮತ್ತು ರಾಣಿ ಥಿಯೋಡೋರಾ, ಸುತ್ತ ಪರಿವಾರ. ಬಾದಾಮಿಯಲ್ಲಿ ಸುಣ್ಣದ ಮೇಲೆ ದೊರೆ, ರವೆನ್ನಾದಲ್ಲಿ ಗಾಜಿನಲ್ಲಿ ದೊರೆ, ನಡುವೆ ಒಂದೇ ತಲೆಮಾರು! ಈ ಜಸ್ಟಿನಿಯನ್ ಯಾರು? ಅಕ್ಕಿಆಲೂರಿನ ಗಂಟಿನಲ್ಲಿ ಕೊನೆಯ ನಾಣ್ಯ ಯಾರದಿತ್ತೋ ಆ ಜಸ್ಟಿನ್‌ನ ಸೋದರಳಿಯ. ಅವರ ಚಿನ್ನ ನಮ್ಮ ಹೆಣ್ಣುಮಕ್ಕಳ ಕೊರಳಿಗೆ ಬಂದ ದಿನಗಳಿಗೂ ನಮ್ಮ ಚಿತ್ರಗಾರರು ಗುಹೆಯ ಸೂರಿಗೆ ಏಣಿ ಹಾಕಿದ ದಿನಗಳಿಗೂ ಹೆಚ್ಚು ಅಂತರವಿರಲಿಲ್ಲ.

ರಾಮದುರ್ಗದ ಕಡೆಯಿಂದ ಬಾದಾಮಿಗೆ ಹೋಗುವವರು ಬೆಳಿಗ್ಗೆ ಬೇಗ ಹೊರಡಿ, ಗುಡ್ಡ ಹತ್ತುವ ಹೊತ್ತಿಗೆ ಬಿಸಿಲು ಏರಿರಬಾರದು. ಮೂರನೆಯ ಗುಹೆಯಲ್ಲಿ ಕಾಲೆತ್ತಿದ ತ್ರಿವಿಕ್ರಮ, ಆದಿಶೇಷನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ ಎಲ್ಲರೂ ಕಣ್ಣೆದುರಿಗೇ ಇದ್ದಾರೆ, ಅವರನ್ನು ನೋಡದೆ ಯಾರೂ ಬರುವುದಿಲ್ಲ. ಚಿತ್ರ ಮಾತ್ರ ತಲೆಯ ಮೇಲೆ, ಸೂರಿನ ಒಳಬದಿಗೆ. ಬಹಳ ಮಂದಿ ಫೋಟೋ ತೆಗೆಸಿಕೊಂಡು ಅದರ ಕೆಳಗಿನಿಂದಲೇ ಹಾದು ನಾಲ್ಕನೆಯ ಗುಹೆಗೆ ಹೋಗಿಬಿಡುತ್ತಾರೆ.